ಕಾರಿನ ಚರ್ಮದ ಸೀಟುಗಳಿಗೆ ಮನೆಯಲ್ಲಿಯೇ ಮರುಬಣ್ಣ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹನ್ನೆರಡು ವರ್ಷ ತೋಟದ ರಸ್ತೆಗಳಲ್ಲಿ ಓಡಿದ ಕಾರಿನ ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಚಾಲಕನ ಸೀಟಿನ ಬಲ ಅಂಚು. ಹತ್ತುವಾಗ ಇಳಿಯುವಾಗ ತೊಡೆ ಉಜ್ಜಿ ಉಜ್ಜಿ ಅಲ್ಲಿಯ ಬಣ್ಣ ಸವೆದು, ಒಳಗಿನ ಚರ್ಮ ಬಿಳಿಚಿಕೊಂಡು ಕಾಣುತ್ತದೆ. ಹೊಲಿಗೆ ಬಿಟ್ಟಿರುವುದಿಲ್ಲ, ಒಳಗಿನ ಸ್ಪಂಜು ಕುಸಿದಿರುವುದಿಲ್ಲ, ಬಣ್ಣವೊಂದೇ ಹೋಗಿರುತ್ತದೆ. ಇಂತಹ ಸೀಟನ್ನು ಕಿತ್ತು ರೆಕ್ಸಿನ್ ಹೊದಿಕೆ ಹಾಕಿಸುವುದು ಒಳ್ಳೆಯ ಚರ್ಮಕ್ಕೆ ಮಾಡುವ ಅನ್ಯಾಯವೆಂದು ನನ್ನ ಭಾವನೆ. ನಮ್ಮ ಮನೆಯ ಎರಡು ಕಾರುಗಳಿಗೂ ನೆಂಟರಿಷ್ಟರ ನಾಲ್ಕಾರು ಕಾರುಗಳಿಗೂ ಬಣ್ಣ ಹಚ್ಚಿದ ಮೇಲೆ ಜನರು ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಮ್ಮ ಕಾರಿನ ಸೀಟು ನಿಜವಾದ ಚರ್ಮವೋ ರೆಕ್ಸಿನ್ನೋ ಎಂದು ತಿಳಿಯುವುದು ಹೇಗೆ?

ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿ ಲೆದರ್ ಸೀಟು ಎಂದು ಹೇಳಿಕೊಂಡು ಬಂದಿರುವುದು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಹೊದಿಸಿದ ಕೃತಕ ಚರ್ಮವೇ ಆಗಿರುತ್ತದೆ. ನಿಜವಾದ ಚರ್ಮವಿರುವ ಕಾರುಗಳಲ್ಲಿಯೂ ಮೈ ತಗಲುವ ಭಾಗಕ್ಕೆ ಮಾತ್ರ ಚರ್ಮವನ್ನು ಬಳಸಿ, ಪಕ್ಕೆಗಳಿಗೂ ಸೀಟಿನ ಬೆನ್ನಿಗೂ ಅದೇ ಬಣ್ಣದ ಕೃತಕ ಚರ್ಮವನ್ನು ಹೊಲಿಯುವುದು ಸಾಮಾನ್ಯ. ಆದುದರಿಂದ ಒಂದೇ ಸೀಟಿನಲ್ಲಿ ಎರಡೂ ಇರಬಹುದು.

ಸೀಟಿನ ಅಡಿಯಲ್ಲಿ ಕೈ ಹಾಕಿ, ಹೊದಿಕೆಯ ಅಂಚು ಕ್ಲಿಪ್ಪಿಗೆ ಸಿಕ್ಕಿಸಿರುವ ಕಡೆ ಅದರ ಹಿಂಬದಿಯನ್ನು ನೋಡಿರಿ. ಅಲ್ಲಿ ಮೆತ್ತನೆಯ, ದಿಕ್ಕುದೆಸೆಯಿಲ್ಲದ ನಾರು ಕಂಡರೆ ಅದು ಚರ್ಮ. ನೇಯ್ದ ಅಥವಾ ಹೆಣೆದ ಬಟ್ಟೆ ಕಂಡರೆ ಕೃತಕ. ಮೇಲ್ಮೈಯನ್ನು ಬೆರಳಿನಿಂದ ಒತ್ತಿದಾಗ ಚರ್ಮದಲ್ಲಿ ಸುತ್ತಲೂ ಸಣ್ಣ ಸಣ್ಣ ನಿರಿಗೆಗಳು ಹರಡುತ್ತವೆ, ರೆಕ್ಸಿನ್ ಸುಮ್ಮನೆ ಕೆಳಗಿಳಿಯುತ್ತದೆ. ಎಳೆಯೊಂದನ್ನು ಕಿತ್ತು ಸುಟ್ಟು ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ; ಕಾರಿನ ಒಳಗೆ ಬೆಂಕಿಕಡ್ಡಿಯನ್ನು ಗೀರುವ ಅಗತ್ಯ ಖಂಡಿತ ಇಲ್ಲ.

ಕೃತಕ ಚರ್ಮವಾದರೆ ಬಣ್ಣ ಹಚ್ಚಲು ಸಾಧ್ಯವಿಲ್ಲವೆ?

ಸಾಧ್ಯವಿದೆ, ಆದರೆ ಅದಕ್ಕೆಂದೇ ತಯಾರಾದ ಅಂಟುಪದರ, ಅಂದರೆ ಬಣ್ಣ ಹಿಡಿದು ನಿಲ್ಲುವಂತೆ ಅಡಿಯಲ್ಲಿ ಹಚ್ಚುವ ಪ್ರೈಮರ್, ಮೊದಲು ಬೇಕು. ಮೇಲಿನ ಪ್ಲಾಸ್ಟಿಕ್ ಪದರವೇ ಹೊಟ್ಟು ಹೊಟ್ಟಾಗಿ ಉದುರುತ್ತಿದ್ದರೆ ಮಾತ್ರ ಯಾವ ಬಣ್ಣವೂ ಅದನ್ನು ಉಳಿಸಲಾರದು. ಆಗ ಹೊದಿಕೆಯನ್ನು ಬದಲಿಸುವುದೇ ಸರಿ.

ಚರ್ಮದ ಬಣ್ಣವೆಂದು ಮಾರುವುದೆಲ್ಲ ಒಂದೇ ಅಲ್ಲವೆ? ಚಪ್ಪಲಿ, ಬ್ಯಾಗಿಗೆ ಬಳಸುವುದನ್ನೇ ಹಚ್ಚಿದರೆ ಏನಾಗುತ್ತದೆ?

ಈ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಆದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹದ ಮಾಡಿದ ಚರ್ಮಕ್ಕೆ ಬಣ್ಣ ಕೊಡುವ ದಾರಿಗಳು ಎರಡು. ಒಂದು, ನಾರಿನ ಒಳಗೆ ಇಳಿದು ಅದನ್ನೇ ಬಣ್ಣಗೊಳಿಸುವ ದ್ರಾವಣ, ಅಂದರೆ ಡೈ. ಇನ್ನೊಂದು, ಮೇಲ್ಮೈಯಲ್ಲಿ ಕುಳಿತು ತೆಳುವಾದ ಪೊರೆಯಾಗಿ ಒಣಗುವ ಪಿಗ್ಮೆಂಟ್. ಇಂದಿನ ಕಾರುಗಳ ಸೀಟಿನ ಚರ್ಮವು ಬಹುಮಟ್ಟಿಗೆ ಎರಡನೆಯ ಬಗೆಯದು: ಚರ್ಮದ ಮೇಲೆ ಬಣ್ಣದ ಪದರ, ಅದರ ಮೇಲೆ ಪಾಲಿಯುರಿಥೇನಿನ ಪಾರದರ್ಶಕ ರಕ್ಷಾಪದರ, ಎರಡೂ ಸೇರಿ ಕೂದಲೆಳೆಗಿಂತ ದಪ್ಪವಿರುವುದು ಅಪರೂಪ. ಸೀಟಿನ ಮೇಲೆ ಒಂದು ಹನಿ ನೀರನ್ನು ಬಿಟ್ಟು ನೋಡಿರಿ. ಹನಿ ಮುತ್ತಿನಂತೆ ನಿಂತರೆ ರಕ್ಷಾಪದರ ಇನ್ನೂ ಇದೆ. ಇಂಗಿ ಕಪ್ಪಾದರೆ ಅಲ್ಲಿ ಪದರ ಸವೆದಿದೆ, ಇಲ್ಲವೆ ಅದು ಪದರವೇ ಇಲ್ಲದ ಬಗೆಯ ಚರ್ಮ.

ಪದರವಿರುವ ಚರ್ಮದ ಮೇಲೆ ಸ್ಪಿರಿಟ್ಟಿನಲ್ಲಿ ಕರಗಿದ ಡೈ ಹಚ್ಚಿದರೆ ಅದು ಒಳಗಿಳಿಯಲು ದಾರಿಯಿಲ್ಲದೆ ಮೇಲೆಯೇ ಒಣಪುಡಿಯಾಗಿ ಉಳಿಯುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ನಾನು ಮಾಡಿದ್ದು ಇದನ್ನೇ. ಚಪ್ಪಲಿ ಕೆಲಸದವರು ಬಳಸುವ ಗಾಢ ಕಂದು ಬಣ್ಣವನ್ನು ತಂದು ಹಿಂದಿನ ಸೀಟಿಗೆ ಹಚ್ಚಿದೆ. ಎರಡು ದಿನ ಸೀಟು ಹೊಚ್ಚಹೊಸದರಂತೆ ಹೊಳೆಯಿತು. ಮೂರನೆಯ ದಿನ ನನ್ನ ಸೋದರತ್ತೆ ಅದೇ ಸೀಟಿನಲ್ಲಿ ಕುಳಿತು ವಿರಾಜಪೇಟೆಯ ಮದುವೆಗೆ ಬಂದರು. ಕೊಡವ ಕ್ರಮದಲ್ಲಿ ಸೀರೆಯ ನೆರಿಗೆ ಹಿಂಬದಿಗೆ ಬರುತ್ತದೆ; ಅವರ ಕೆನೆಬಣ್ಣದ ರೇಷ್ಮೆ ಸೀರೆಯ ಅಷ್ಟೂ ನೆರಿಗೆಗಳ ತುದಿಗೆ ಕಂದು ಗೆರೆಗಳು ಮೂಡಿದ್ದವು. ಎಷ್ಟು ಒಗೆಸಿದರೂ ಆ ಕಲೆ ಹೋಗಲಿಲ್ಲ. ಅತ್ತೆಯವರು ಒಂದು ಮಾತೂ ಆಡಲಿಲ್ಲ, ನನಗೆ ಮಾತ್ರ ಅದು ಇಂದಿಗೂ ನೋವಿನ ವಿಷಯ. ಸೀಟಿನ ಬಣ್ಣವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆಯಲು ಮೂರು ಭಾನುವಾರ ಬೇಕಾಯಿತು.

ಕೊಳ್ಳುವಾಗ ನೀರಿನಲ್ಲಿ ಬೆರೆತಿರುವ, ಕಾರಿನ ಸೀಟಿಗೆಂದು ಹೆಸರಿಸಿರುವ ಪಿಗ್ಮೆಂಟ್ ಬಣ್ಣವನ್ನೇ ಕೇಳಿರಿ. ಜೊತೆಗೆ ಅದೇ ತಯಾರಕರ ಅಂಟುಪದರವನ್ನೂ ಮೇಲಿನ ರಕ್ಷಾಪದರವನ್ನೂ ತೆಗೆದುಕೊಳ್ಳುವುದು ಒಳ್ಳೆಯದು. ಬೇರೆ ಬೇರೆ ಕಡೆಯವನ್ನು ಸೇರಿಸಿದರೆ ಒಂದರ ಮೇಲೊಂದು ಹಿಡಿಯದೆ ಏಳುವ ಸಾಧ್ಯತೆಯಿದೆ.

ಕೊಡಗಿನಲ್ಲಿ ಈ ಕೆಲಸಕ್ಕೆ ಯಾವ ತಿಂಗಳು ಒಳ್ಳೆಯದು?

ಜನವರಿ. ಡಿಸೆಂಬರ್ ನಡುವಿನಿಂದ ಫೆಬ್ರವರಿಯ ಮೊದಲ ವಾರಗಳವರೆಗೆ ಎಂದು ಬೇಕಾದರೆ ಹಿಗ್ಗಿಸಬಹುದು. ನೀರಿನಲ್ಲಿ ಬೆರೆತ ಬಣ್ಣ ಪೊರೆಯಾಗಬೇಕಾದರೆ ಅದರೊಳಗಿನ ನೀರು ಮೊದಲು ಗಾಳಿಗೆ ಹೋಗಬೇಕು, ಆಮೇಲೆ ಅದರಲ್ಲಿರುವ ಅಂಟಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆಯಬೇಕು. ಜುಲೈ ತಿಂಗಳ ಮಡಿಕೇರಿಯಲ್ಲಿ ಗಾಳಿಯ ತೇವ ಶೇಕಡ 90ರ ಆಸುಪಾಸಿನಲ್ಲಿರುವಾಗ ಮನೆಯೊಳಗೆ ಹರವಿದ ಬಟ್ಟೆಯೇ ಮೂರು ದಿನಕ್ಕೂ ಒಣಗುವುದಿಲ್ಲ. ಸೀಟಿನ ಬಣ್ಣ ಹೇಗೆ ಒಣಗೀತು? ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಹಸಿಯಾಗಿಯೇ ಉಳಿದು, ಕುಳಿತ ಕೂಡಲೇ ಅಂಟಂಟಾಗಿ ಏಳುತ್ತದೆ.

ಚಳಿಗಾಲದಲ್ಲಿ ಮಳೆಯ ಭಯವಿಲ್ಲದಿದ್ದರೂ ಬೆಳಗಿನ ಚಳಿಯನ್ನು ಮರೆಯಬಾರದು. 15 ಡಿಗ್ರಿಗಿಂತ ಕೆಳಗೆ ಇಂತಹ ಬಣ್ಣಗಳ ಕಣಗಳು ಸರಿಯಾಗಿ ಬೆಸೆಯದೆ ಪೊರೆ ಪುಡಿಪುಡಿಯಾಗುವುದುಂಟು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಮಂಜು ಕರಗಿ, ಕಾರಿನ ಒಳಗೂ ಬಿಸಿಲು ತಾಗಿದ ಮೇಲೆ, ಅಂದರೆ ಹನ್ನೊಂದರ ಸುಮಾರಿಗೆ ಆರಂಭಿಸಿ ಸಂಜೆ ನಾಲ್ಕಕ್ಕೆ ಕೈ ನಿಲ್ಲಿಸುವುದು ನನ್ನ ಕ್ರಮ. ಕುಶಾಲನಗರದ ಕಡೆಯವರಿಗೆ ಮಳೆಯೂ ತೇವವೂ ಕಡಿಮೆಯಾದ್ದರಿಂದ ಇನ್ನಷ್ಟು ಅವಕಾಶವಿದೆ. ಭಾಗಮಂಡಲ, ನಾಪೋಕ್ಲು ಕಡೆಯವರು ಜನವರಿಯನ್ನು ತಪ್ಪಿಸಿಕೊಳ್ಳದಿರುವುದು ಒಳ್ಳೆಯದು.

ಆ ದಿನಗಳಲ್ಲಿ ತೋಟದವರಿಗೆಲ್ಲ ಕಾಫಿ ಕೊಯ್ಲಿನ ಗಡಿಬಿಡಿ ಇರುತ್ತದೆಂಬುದು ನಿಜ. ಆದರೆ ಕೊಯ್ಲು ಪೂರ್ತಿ ಮುಗಿಯಲೆಂದು ಕಾದರೆ ಹೂಮಳೆ, ಅಂದರೆ ಕಾಫಿ ಗಿಡವನ್ನು ಹೂಬಿಡಿಸುವ ಮಳೆ, ಬಂದುಬಿಡುತ್ತದೆ. ಇನ್ನೊಂದು ಎಚ್ಚರ: ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಕಾರು ನಿಲ್ಲಿಸಿ ಬಣ್ಣ ಹಚ್ಚಬೇಡಿರಿ. ಒಣಚೆರ್ರಿಯನ್ನು ಹರಗುವಾಗ ಏಳುವ ಸಣ್ಣ ದೂಳು ಹಸಿಬಣ್ಣದ ಮೇಲೆ ಕುಳಿತರೆ, ಕೈಯಾಡಿಸಿದಾಗ ಸೀಟು ಎಮರಿ ಕಾಗದದಂತೆ ತರಿತರಿಯಾಗಿರುತ್ತದೆ.

ಆಯುಧಪೂಜೆಯೊಳಗೆ ಕಾರು ಚೆಂದವಾಗಬೇಕು, ಸೆಪ್ಟೆಂಬರಿನಲ್ಲಿ ಹಚ್ಚಬಹುದೆ?

ಈ ಆಸೆ ನನಗೆ ಅರ್ಥವಾಗುತ್ತದೆ, ಆದರೂ ಬೇಡವೆಂದೇ ಹೇಳುತ್ತೇನೆ. ಆ ಹೊತ್ತಿಗೆ ಶುಚಿ ಮಾಡುವ ಕೆಲಸವನ್ನಷ್ಟೇ ಮುಗಿಸಿ ಪೂಜೆ ಮಾಡಿರಿ. ಬಹಳ ಸಲ ಕೊಳೆ ಹೋದ ಮೇಲೆ ಅರ್ಧ ಸೀಟಿಗೆ ಬಣ್ಣದ ಅಗತ್ಯವೇ ಇಲ್ಲವೆಂದು ತಿಳಿದುಬರುತ್ತದೆ.

ಮಳೆಗಾಲದಲ್ಲಿ ಸೀಟಿಗೆ ಬೂಷ್ಟು ಹಿಡಿದಿತ್ತು. ಅದರ ಮೇಲೆ ಬಣ್ಣ ಹಚ್ಚಿದರೆ ಮುಚ್ಚಿಹೋಗುವುದಿಲ್ಲವೆ?

ಮುಚ್ಚಿಹೋಗುತ್ತದೆ, ಆದರೆ ಸಾಯುವುದಿಲ್ಲ. ನಮ್ಮಲ್ಲಿ ಆಷಾಢ ಕಳೆಯುವುದರೊಳಗೆ ಬೆಲ್ಟು, ಬೂಟು, ಕಪಾಟಿನಲ್ಲಿಟ್ಟ ಪುಸ್ತಕದ ಬೆನ್ನು ಎಲ್ಲಕ್ಕೂ ಬೂಷ್ಟು ಬರುವಂತೆ, ಒದ್ದೆ ಮಳೆಕೋಟು ಎಸೆದ ಕಾರಿನ ಸೀಟಿಗೂ ಬರುತ್ತದೆ. ಅದು ಹೊಲಿಗೆಯ ಸಂದಿಯಲ್ಲೂ ಒಳಗಿನ ಸ್ಪಂಜಿನಲ್ಲೂ ಬೇರು ಬಿಟ್ಟಿರುತ್ತದೆ. ಮೊದಲು ಕಾರನ್ನು ಮನೆಯಿಂದ ಹೊರಗೆ, ಗಾಳಿ ಬೀಸುವ ಕಡೆ ನಿಲ್ಲಿಸಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಒಣಬಟ್ಟೆಯಿಂದ ಬೂಷ್ಟನ್ನು ಮೆಲ್ಲನೆ ಒತ್ತಿ ತೆಗೆಯಿರಿ. ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸಮ ಪ್ರಮಾಣದ ನೀರಿಗೆ ಬೆರೆಸಿ, ಬಟ್ಟೆಯನ್ನು ಅದರಲ್ಲಿ ಹಿಂಡಿ ಒರೆಸಿರಿ. ಒಂದು ವಾರ ಹಗಲಿನಲ್ಲಿ ಕಿಟಕಿ ತೆರೆದಿಟ್ಟು, ಮತ್ತೆ ಬೂಷ್ಟಿನ ವಾಸನೆ ಬರುವುದೇ ಎಂದು ನೋಡಿರಿ. ವಾಸನೆ ಉಳಿದಿದ್ದರೆ ತೇವ ಇನ್ನೂ ಇದೆ ಎಂದೇ ಅರ್ಥ. ಅಡಿಯ ಕಾರ್ಪೆಟ್ಟನ್ನು ಎತ್ತಿ ನೋಡಿರಿ, ಬಾಗಿಲಿನ ರಬ್ಬರು ಸೋರುತ್ತಿರಲೂಬಹುದು.

ಶುಚಿ ಮಾಡಲು ಬಟ್ಟೆ ಸೋಪು ಅಥವಾ ಪಾತ್ರೆ ತೊಳೆಯುವ ದ್ರವ ಸಾಕಲ್ಲವೆ?

ಚರ್ಮ ಸ್ವಭಾವತಃ ಸ್ವಲ್ಪ ಆಮ್ಲೀಯವಾದ ವಸ್ತು. ಬಟ್ಟೆ ಸೋಪು ಕ್ಷಾರೀಯ. ಪದೇ ಪದೇ ಅದರಿಂದ ಉಜ್ಜಿದರೆ ಚರ್ಮ ತನ್ನ ಜಿಡ್ಡನ್ನು ಕಳೆದುಕೊಂಡು ಬಿರುಸಾಗುತ್ತದೆ, ಸೋಪಿನ ಶೇಷ ಉಳಿದ ಕಡೆ ಬಣ್ಣವೂ ಹಿಡಿಯುವುದಿಲ್ಲ. ಚರ್ಮಕ್ಕೆಂದೇ ಇರುವ ಸೌಮ್ಯ ಕ್ಲೀನರಿನ ನೊರೆಯನ್ನು ಮೃದುವಾದ ಬ್ರಷ್ಷಿನಲ್ಲಿ ತೆಗೆದುಕೊಂಡು, ಒಂದು ಸಲಕ್ಕೆ ಒಂದು ಅಂಗೈ ಅಗಲದಷ್ಟೇ ಜಾಗವನ್ನು ಉಜ್ಜಿ, ಕೊಳೆ ಮತ್ತೆ ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಎತ್ತಬೇಕು. ಬಿಳಿ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಇದು ನಡೆಯಬೇಕು.

ಇದಾದ ಮೇಲೆ ಡ್ಯಾಶ್‌ಬೋರ್ಡಿಗೆ ಹೊಡೆಯುವ ಹೊಳಪಿನ ಸ್ಪ್ರೇ ಎಂದಾದರೂ ಸೀಟಿಗೆ ತಾಗಿತ್ತೇ ಎಂದು ನೆನಪಿಸಿಕೊಳ್ಳಿರಿ. ಅದರಲ್ಲಿರುವ ಸಿಲಿಕೋನ್ ಒಂದು ಚೂರು ಉಳಿದರೂ ಹಸಿಬಣ್ಣ ಅಲ್ಲಿಂದ ಹಿಂದೆ ಸರಿದು ಮೀನಿನ ಕಣ್ಣಿನಂತಹ ಗುಂಡು ಕಲೆಗಳಾಗುತ್ತವೆ. ಆಲ್ಕೋಹಾಲಿನಿಂದ ಎರಡು ಮೂರು ಸಲ, ಪ್ರತಿ ಸಲ ಹೊಸ ಬಟ್ಟೆಯಿಂದ, ಒರೆಸುವುದೇ ಇದಕ್ಕೆ ದಾರಿ. ಬಳಿಕ 600 ನಂಬರಿನ ಎಮರಿ ಕಾಗದದಿಂದ ಹಗುರವಾಗಿ ಕೈಯಾಡಿಸಿ ಹಳೆಯ ಹೊಳಪನ್ನು ಮುರಿಯಬೇಕು. ಚರ್ಮವನ್ನು ಕೆರೆಯುವುದು ಉದ್ದೇಶವಲ್ಲ. ಹೊಳಪು ಮಂಕಾದರೆ ಸಾಕು.

ಹೆಡ್‌ರೆಸ್ಟ್ ಮೇಲೆ ಮಾತ್ರ ಹಚ್ಚಿದ ಬಣ್ಣ ನಿಲ್ಲುತ್ತಿಲ್ಲ. ಏಕೆ?

ತಲೆಗೆ ಹಚ್ಚಿದ ತೆಂಗಿನೆಣ್ಣೆ. ವರ್ಷಗಟ್ಟಲೆ ಅದು ಚರ್ಮದ ಒಳಗೆ ಇಳಿದಿರುತ್ತದೆ. ಮೇಲೆ ಒರೆಸಿದಾಗ ಶುಚಿಯಾದಂತೆ ಕಂಡರೂ ಬಿಸಿಲಿಗೆ ಮತ್ತೆ ಮೇಲೆ ಬಂದು ಹೊಸ ಬಣ್ಣವನ್ನು ಎಬ್ಬಿಸುತ್ತದೆ. ಹೆಡ್‌ರೆಸ್ಟನ್ನು ಕಳಚಿ ಒಳಗೆ ತಂದು, ಮೆಕ್ಕೆಜೋಳದ ಹಿಟ್ಟನ್ನು ದಪ್ಪಗೆ ಉದುರಿಸಿ ಒಂದು ರಾತ್ರಿ ಬಿಡಿರಿ. ಬೆಳಿಗ್ಗೆ ಹಿಟ್ಟನ್ನು ಝಾಡಿಸಿ, ಹೇರ್ ಡ್ರೈಯರಿನಿಂದ ಉಗುರುಬೆಚ್ಚಗೆ ಕಾಯಿಸಿ, ಮತ್ತೆ ಹಿಟ್ಟು ಹಾಕಿರಿ. ನಮ್ಮ ತಂದೆಯವರು ಕೂರುತ್ತಿದ್ದ ಕಡೆಯ ಹೆಡ್‌ರೆಸ್ಟಿಗೆ ಇದನ್ನು ಐದು ರಾತ್ರಿ ಮಾಡಬೇಕಾಯಿತು, ಮೊದಲ ಎರಡು ದಿನ ಹಿಟ್ಟು ಹಳದಿಗಟ್ಟಿ ಉಂಡೆಯಾಗಿಯೇ ಬರುತ್ತಿತ್ತು.

ಬಿರುಕು ಬಿಟ್ಟ ಜಾಗಕ್ಕೆ ಏನು ಮಾಡಬೇಕು?

ಕೂದಲಿನಂತಹ ಬಿರುಕುಗಳಿಗೆ ಚರ್ಮದ ಫಿಲ್ಲರನ್ನು ತೆಳುವಾದ ಪ್ಲಾಸ್ಟಿಕ್ ಕಾರ್ಡಿನಿಂದ ಎಳೆದು ತುಂಬಿ, ಒಣಗಿದ ಮೇಲೆ ಎಮರಿ ಕಾಗದದಿಂದ ಸಮ ಮಾಡಬೇಕು. ಒಂದೇ ಸಲ ತುಂಬಿದರೆ ಅದು ಒಣಗುತ್ತಾ ಕುಗ್ಗಿ ಗುಳಿ ಬೀಳುವುದರಿಂದ ಮೂರು ನಾಲ್ಕು ತೆಳು ಪದರಗಳಲ್ಲಿ ತುಂಬುವುದು ಸರಿ. ಬೆರಳು ತೂರುವಷ್ಟು ಹರಿದಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಕುಶನ್ ಕೆಲಸದವರಲ್ಲಿ ಆ ಒಂದು ತುಂಡನ್ನು ಬದಲಿಸಿಕೊಂಡು ಬಂದು ನೀವು ಬಣ್ಣ ಹಚ್ಚಬಹುದು.

ಸೀಟನ್ನು ಕಾರಿನಿಂದ ಬಿಚ್ಚಬೇಕೆ?

ಬೇಡ. ಹಲವು ಕಾರುಗಳಲ್ಲಿ ಮುಂದಿನ ಸೀಟಿನ ಹೊರಬದಿಯೊಳಗೆ ಏರ್‌ಬ್ಯಾಗ್ ಇರುತ್ತದೆ. ಅಡಿಯಲ್ಲಿ ಅದರ ತಂತಿ, ಯಾರಾದರೂ ಕುಳಿತಿದ್ದಾರೆಯೇ ಎಂದು ಅರಿಯುವ ಸೆನ್ಸರ್ ತಂತಿ, ಬೆಲ್ಟಿನ ತಂತಿ ಎಲ್ಲವೂ ಇರುತ್ತವೆ. ತಿಳಿಯದೆ ಕೈ ಹಾಕುವ ಜಾಗ ಅದಲ್ಲ. ಸೀಟಿನ ಪಕ್ಕೆಯಲ್ಲಿ ಏರ್‌ಬ್ಯಾಗ್ ಎಂಬ ಪಟ್ಟಿ ಹೊಲಿದಿದ್ದರೆ, ಆ ಭಾಗದ ಹೊಲಿಗೆಯು ಅಪಘಾತದ ಕ್ಷಣದಲ್ಲಿ ಬಿಚ್ಚಿಕೊಳ್ಳಲೆಂದೇ ಹಾಕಿದ್ದು. ಅದರ ಮೇಲೆ ಫಿಲ್ಲರಾಗಲಿ ಅಂಟಾಗಲಿ ಬೀಳಬಾರದು, ಅದನ್ನು ಮತ್ತೆ ಗಟ್ಟಿಯಾಗಿ ಹೊಲಿಸಲೂಬಾರದು. ಅಲ್ಲಿ ಬಣ್ಣವನ್ನೂ ಸಂದಿಯೊಳಗೆ ಇಳಿಯದಂತೆ ತೀರಾ ತೆಳುವಾಗಿ ಮುಟ್ಟಿಸಿರಿ. ಈ ಒಂದು ವಿಷಯದಲ್ಲಿ ಚೆಂದಕ್ಕಿಂತ ಜೀವ ದೊಡ್ಡದು.

ಹಳೆಯ ಬಣ್ಣಕ್ಕೆ ಸರಿಹೊಂದುವ ಬಣ್ಣವನ್ನು ಕಲಸುವುದು ಹೇಗೆ?

ಕಪ್ಪು ಸೀಟಿನವರಿಗೆ ಇದು ಹಗುರ. ಕೆನೆ, ಬೂದು, ತಿಳಿ ಕಂದು ಸೀಟಿನವರಿಗೆ ತಾಳ್ಮೆಯ ಕೆಲಸ. ಮೂಲ ಬಣ್ಣ ಹೇಗಿತ್ತೆಂದು ತಿಳಿಯಬೇಕಾದರೆ ಬಿಸಿಲೂ ಬೆವರೂ ತಾಗದ ಜಾಗವನ್ನು, ಅಂದರೆ ಸೀಟಿಗೂ ಒರಗಿಗೂ ನಡುವಿನ ಸಂದಿಯನ್ನು ನೋಡಿರಿ. ಪೂರ್ತಿ ಸೀಟಿಗೆ ಹಚ್ಚುವುದಾದರೆ ಆ ಬಣ್ಣಕ್ಕೆ ಹೊಂದಿಸಿರಿ. ಒಂದು ತುಂಡಿಗೆ ಮಾತ್ರವಾದರೆ ಪಕ್ಕದ ಮಾಸಿದ ತುಂಡಿಗೆ ಹೊಂದಿಸಿರಿ.

ಕೆನೆಬಣ್ಣಕ್ಕೆ ಬಿಳಿಯೇ ತಾಯಿ. ಅದಕ್ಕೆ ಮಣ್ಣುಹಳದಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಕಪ್ಪನ್ನು ಕಡ್ಡಿಯ ತುದಿಯಲ್ಲಿ ಅದ್ದಿದಷ್ಟೇ ಸೇರಿಸಿರಿ. ಹಳದಿಗೆ ಕಪ್ಪು ಬೆರೆತಾಗ ಬಣ್ಣ ಹಸಿರಿಗೆ ವಾಲುತ್ತದೆ. ಅದನ್ನು ಹಿಂದಕ್ಕೆ ತರಲು ಕಾವಿಗೆಂಪಿನ ಒಂದು ಹನಿ ಬೇಕಾಗುತ್ತದೆ. ಹಸಿಯಾಗಿರುವಾಗ ತಿಳಿಯಾಗಿ ಕಾಣುವ ಬಣ್ಣ ಒಣಗಿದಾಗ ಗಾಢವಾಗುವುದರಿಂದ, ಪ್ರತಿ ಸಲವೂ ಸೀಟಿನ ಮರೆಯ ಜಾಗಕ್ಕೆ ಒಂದು ಚುಕ್ಕೆ ಇಟ್ಟು, ಹೇರ್ ಡ್ರೈಯರಿನಲ್ಲಿ ಒಣಗಿಸಿಯೇ ತೀರ್ಮಾನಿಸಬೇಕು. ಮರಗಳ ಅಡಿಯಲ್ಲಿ ಈ ತೀರ್ಮಾನ ಬೇಡ. ತೋಟದ ನೆರಳಿನ ಬೆಳಕಿನಲ್ಲಿ ಎಲೆಗಳ ಹಸಿರು ಬೆರೆತಿರುತ್ತದೆ. ಅಲ್ಲಿ ಸರಿಯೆನಿಸಿದ ಬಣ್ಣವು ಪೇಟೆಯ ರಸ್ತೆಯಲ್ಲಿ ಗುಲಾಬಿ ಛಾಯೆಯಾಗಿ ಕಂಡದ್ದನ್ನು ನಾನು ನೋಡಿದ್ದೇನೆ. ಕಾರನ್ನು ಬಯಲಿಗೆ ತಂದು, ಮೋಡವಿಲ್ಲದ ಮಧ್ಯಾಹ್ನದಲ್ಲಿ ನೋಡಿರಿ.

ಕಪ್ಪು ಸೀಟನ್ನು ಕೆನೆಬಣ್ಣಕ್ಕೆ ಬದಲಿಸಬಹುದೆ?

ಆಗಬಹುದು, ಆದರೆ ಪದರಗಳು ಹೆಚ್ಚಾಗುತ್ತವೆ, ಒಂದು ಗೀರು ಬಿದ್ದರೂ ಅಡಿಯ ಕಪ್ಪು ಇಣುಕುತ್ತದೆ. ನಾನು ಯಾರಿಗೂ ಇದನ್ನು ಸಲಹೆ ಮಾಡಿಲ್ಲ.

ಹಚ್ಚುವ ಕ್ರಮವನ್ನು ವಿವರವಾಗಿ ತಿಳಿಸುವಿರಾ?

ಬಕಲ್, ಪ್ಲಾಸ್ಟಿಕ್ ಭಾಗ, ಬೇರೆ ಬಣ್ಣದ ಹೊಲಿಗೆ ಇವುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿರಿ. ನಾಲ್ಕೂ ಬಾಗಿಲು ತೆರೆದಿರಲಿ. ಅಂಟುಪದರವನ್ನು ಮೊದಲು ಸವೆದ ಜಾಗಗಳಿಗೆ ತೆಳುವಾಗಿ ಹಚ್ಚಿ ಒಣಗಲು ಬಿಡಬೇಕು. ಬಣ್ಣದ ಡಬ್ಬಿಯನ್ನು ಅಲುಗಿಸಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿರಿ.

ಮೊದಲ ಪದರವನ್ನು ಸ್ಪಂಜಿನಲ್ಲಿ ಹಚ್ಚುವುದು ಒಳ್ಳೆಯದು, ಏಕೆಂದರೆ ಸ್ಪಂಜು ಬಣ್ಣವನ್ನು ಬಿರುಕಿನೊಳಗೂ ಹೊಲಿಗೆಯ ಬುಡಕ್ಕೂ ತುಂಬುತ್ತದೆ. ಸ್ಪಂಜಿನಿಂದ ಬಣ್ಣ ತೊಟ್ಟಿಕ್ಕಬಾರದು. ಸೀಟಿನ ಮೇಲೆ ಒತ್ತಿದರೆ ಒಂದು ತೆಳು ಮುದ್ರೆ ಮೂಡುವಷ್ಟು ಇದ್ದರೆ ಸಾಕು. ಚಕ್ರಾಕಾರವಾಗಿ ಹರಡಿ, ಒಣಗುವ ಮೊದಲು ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆದು ಗೆರೆಗಳನ್ನು ಅಳಿಸಿರಿ. ಮೊದಲ ಪದರ ಒಣಗಿದಾಗ ಸೀಟು ತೇಪೆ ತೇಪೆಯಾಗಿ, ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಗಾಬರಿಯಿಂದ ಎರಡನೆಯ ಪದರವನ್ನು ದಪ್ಪಗೆ ಬಳಿಯುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿರಿ. ಹೇರ್ ಡ್ರೈಯರನ್ನು ಒಂದು ಗೇಣಿಗಿಂತ ದೂರದಲ್ಲಿ ಆಡಿಸಿ ಒಣಗಿಸಿ, ಕೈಗೆ ತಂಪು ತಾಗದಂತಾದ ಮೇಲೆ ಮುಂದಿನ ತೆಳು ಪದರ. ಅದೇ ಬಣ್ಣಕ್ಕೆ ಮೂರರಿಂದ ಐದು ಪದರಗಳು ಬೇಕಾಗುತ್ತವೆ. ಸಣ್ಣ ಏರ್‌ಬ್ರಷ್ ಇದ್ದರೆ ಕೊನೆಯ ಎರಡು ಪದರಗಳನ್ನು ಅದರಿಂದ ಸಿಂಪಡಿಸಿದಾಗ ಕಾರ್ಖಾನೆಯ ಬಣ್ಣಕ್ಕೆ ಹತ್ತಿರದ ನಯ ಬರುತ್ತದೆ.

ಕೊನೆಯಲ್ಲಿ ರಕ್ಷಾಪದರವನ್ನು ಎರಡು ಸಲ ಹಚ್ಚಬೇಕು. ಹೊಳಪು ಹೆಚ್ಚಿರುವುದಕ್ಕಿಂತ ಮಂದ ಹೊಳಪಿನದು ಸೀಟಿಗೆ ಒಪ್ಪುತ್ತದೆ. ಅದರೊಂದಿಗೆ ಗಟ್ಟಿಗೊಳಿಸುವ ದ್ರವವನ್ನು ಬೆರೆಸುವಾಗ ಕೈಗವಸು, ಆವಿಯನ್ನು ತಡೆಯುವ ಮಾಸ್ಕ್ ಕಡ್ಡಾಯ. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು. ಬೆರೆಸಿದ್ದು ಕೆಲವೇ ಗಂಟೆಗಳಲ್ಲಿ ಕೆಡುವುದರಿಂದ ಬೇಕಾದಷ್ಟನ್ನೇ ಬೆರೆಸಿರಿ.

ಸಣ್ಣ ರಂಧ್ರಗಳಿರುವ ಸೀಟಿಗೆ?

ಸ್ಪಂಜು ಬಹುಮಟ್ಟಿಗೆ ಒಣಗಿರಲಿ, ಒತ್ತಬೇಡಿರಿ. ಪ್ರತಿ ಪದರದ ನಂತರ ಮುಚ್ಚಿದ ರಂಧ್ರಗಳನ್ನು ಗುಂಡುಸೂಜಿಯಿಂದ ಬಿಡಿಸಿರಿ. ಗಾಳಿ ಬೀಸುವ ಅಥವಾ ಬಿಸಿಯಾಗುವ ವ್ಯವಸ್ಥೆಯಿರುವ ಸೀಟಾದರೆ ಸೂಜಿಯನ್ನು ಚರ್ಮದ ದಪ್ಪಕ್ಕಿಂತ ಒಳಗೆ ಇಳಿಸಬಾರದು.

ಎಷ್ಟು ಬಣ್ಣ, ಎಷ್ಟು ದಿನ ಬೇಕು?

ಐದು ಜನ ಕೂರುವ ಕಾರಿನ ಎಲ್ಲ ಸೀಟುಗಳಿಗೆ ಅರ್ಧ ಲೀಟರಿನಿಂದ ಒಂದು ಲೀಟರ್. ಶುಚಿಗೆ ಒಂದು ದಿನ, ಪೂರ್ತಿ ಒಣಗಲು ಒಂದು ದಿನ, ಬಣ್ಣಕ್ಕೆ ಎರಡು ದಿನ. ಬಣ್ಣ ಮುಗಿದ 24 ಗಂಟೆಗಳ ನಂತರ ಜಾಗ್ರತೆಯಿಂದ ಕುಳಿತುಕೊಳ್ಳಬಹುದು. ಆದರೆ ಪೊರೆ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಆ ವಾರದಲ್ಲಿ ಒದ್ದೆ ಬಟ್ಟೆ, ಜೀನ್ಸ್, ಮಕ್ಕಳ ಸೀಟು, ಕಾಫಿ ಚೀಲ ಯಾವುದೂ ಅದರ ಮೇಲೆ ಬೇಡ.

ಬಣ್ಣ ಬಟ್ಟೆಗೆ ಹತ್ತುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ವಾರ ಕಳೆದ ಮೇಲೆ ಒಂದು ಬಿಳಿಯ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಹಿಂಡಿ, ತೊಡೆ ಉಜ್ಜುವ ಅಂಚಿನ ಮೇಲೆ ಬಲವಾಗಿ ಇಪ್ಪತ್ತು ಸಲ ಉಜ್ಜಿರಿ. ಬಟ್ಟೆ ಬಿಳಿಯಾಗಿಯೇ ಉಳಿದರೆ ಮಾತ್ರ ಇತರರನ್ನು ಕೂರಿಸಿರಿ. ಸೋದರತ್ತೆಯವರ ಸೀರೆಯ ಘಟನೆಯ ನಂತರ ನಾನು ಈ ಪರೀಕ್ಷೆಯಿಲ್ಲದೆ ಒಂದು ಕಾರನ್ನೂ ಮರಳಿಸಿಲ್ಲ.

ಆಮೇಲೆ ತೆಂಗಿನೆಣ್ಣೆ ಅಥವಾ ಶೂ ಪಾಲಿಷ್ ಹಾಕಿ ಹೊಳಪು ಉಳಿಸಿಕೊಳ್ಳಬಹುದೆ?

ಎರಡೂ ಬೇಡ. ಶೂ ಪಾಲಿಷ್ಷಿನ ಮೇಣವೂ ಬಣ್ಣವೂ ನೇರವಾಗಿ ಬಟ್ಟೆಗೆ ಹೋಗುತ್ತವೆ. ತೆಂಗಿನೆಣ್ಣೆ ಪದರವಿರುವ ಕಡೆ ಒಳಗಿಳಿಯದೆ ದೂಳನ್ನು ಹಿಡಿಯುತ್ತದೆ, ಪದರವಿಲ್ಲದ ಕಡೆ ಒಳಗಿಳಿದು ಕಮಟಾಗುತ್ತದೆ, ಮಳೆಗಾಲದಲ್ಲಿ ಬೂಷ್ಟಿಗೆ ಆಹಾರವಾಗುತ್ತದೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ವರ್ಷಕ್ಕೆ ಎರಡು ಸಲ ಚರ್ಮದ ಕ್ಲೀನರಿನಿಂದ ಶುಚಿ ಮಾಡಿದರೆ ಸಾಕು. ಜೂನ್ ಬಂದ ಮೇಲೆ ಒದ್ದೆ ಮಳೆಕೋಟು, ಕೊಡೆಗಳಿಗೆಂದು ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟಿಯನ್ನು ಇಟ್ಟುಕೊಳ್ಳಿರಿ.

ಕೆಲವು ತಿಂಗಳ ನಂತರ ಒಂದು ಕಡೆ ಬಣ್ಣ ಸಿಪ್ಪೆಯಂತೆ ಎದ್ದರೆ?

ಎದ್ದ ಸಿಪ್ಪೆಯನ್ನು ಎಳೆಯುತ್ತಾ ಹೋಗಬೇಡಿರಿ, ಸುತ್ತಲಿನ ಒಳ್ಳೆಯ ಬಣ್ಣವೂ ಬರುತ್ತದೆ. ಮಾಸ್ಕಿಂಗ್ ಟೇಪನ್ನು ಅಂಟಿಸಿ ಕಿತ್ತು, ಸಡಿಲವಾದಷ್ಟನ್ನು ಮಾತ್ರ ತೆಗೆಯಿರಿ. ಅಡಿಯಲ್ಲಿ ಜಿಡ್ಡು ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಲ್ಕೋಹಾಲಿನಿಂದ ಒರೆಸಿ, ಅಂಚುಗಳನ್ನು 1000 ನಂಬರಿನ ಎಮರಿ ಕಾಗದದಿಂದ ಸಮ ಮಾಡಿ, ಅಂಟುಪದರದಿಂದ ಮತ್ತೆ ಆರಂಭಿಸಿರಿ. ಇದಕ್ಕಾಗಿಯೇ ನಾನು ಕಲಸಿದ ಬಣ್ಣದಲ್ಲಿ ಒಂದು ಸಣ್ಣ ಗಾಜಿನ ಬಾಟಲಿಯಷ್ಟನ್ನು ಬಿಗಿಯಾಗಿ ಮುಚ್ಚಿ, ಕಾರಿನ ನಂಬರು ಮತ್ತು ತಾರೀಕು ಬರೆದು, ಬಿಸಿಲು ಬೀಳದ ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇನೆ.